ಬಾಗಿಲ ಹಿಂದಿನ ನಗು ಕೇಳಿಸುತ್ತದೆ, ಮುಖ ಯಾಕೆ ಕಾಣಿಸುವುದಿಲ್ಲ?

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ಆರನೇ ಕ್ಲಾಸಿನ ಮಗಳ ಪ್ರಶ್ನೆಗೆ ಉತ್ತರ ಗೊತ್ತಾಗದೆ ಇಲ್ಲಿಗೆ ಬಂದಿದ್ದೇನೆ. ನಿನ್ನೆ ಮನೆಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಅವಳು ಪಕ್ಕದ ಕೋಣೆಯಲ್ಲಿ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ನಗು ತಡೆಯಲಾಗದೆ ಕಿಸಕ್ಕೆಂದಳು, ಸಿಕ್ಕಿಬಿದ್ದಳು. ಆಮೇಲೆ ಕೇಳಿದಳು: "ಅಮ್ಮಾ, ನನ್ನ ನಗು ತಿರುವು ತಗೊಂಡು ನಿನ್ನ ಹತ್ತಿರ ಬಂತು. ನನ್ನ ಮುಖ ಯಾಕೆ ಬರಲಿಲ್ಲ? ಬೆಳಕೂ ಅಲೆ, ಶಬ್ದವೂ ಅಲೆ ಅಂತ ಓದಿದ್ದೀನಲ್ಲ?"

ಬೆಳಕು ನೇರವಾಗಿ ಹೋಗುತ್ತದೆ ಕಣೇ ಅಂದೆ. "ಅದು ಉತ್ತರ ಅಲ್ಲ, ಅದೇ ನನ್ನ ಪ್ರಶ್ನೆ" ಅಂದಳು. ಅವಳು ಹೇಳಿದ್ದೇ ಸರಿ ಅನಿಸಿತು. ಗೊತ್ತಿದ್ದವರು ಹೇಳ್ತೀರಾ?

ಸಂದೇಹಿ:
ಇದರಲ್ಲಿ ಏನಿದೆ ಮೇಡಂ? ಶಬ್ದ ಗೋಡೆಯನ್ನು, ಮರವನ್ನು ದಾಟಿ ಬರುತ್ತದೆ. ಬೆಳಕಿಗೆ ಅದು ಆಗುವುದಿಲ್ಲ. ಅಷ್ಟೇ.

ಮಳೆಬಿಲ್ಲು:
ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಬಾಗಿಲು ಪೂರ್ತಿ ತೆರೆದಿತ್ತು. ಬಾಗಿಲು ಮುಚ್ಚಿದರೆ ಅದೇ ನಗು ಅರ್ಧಕ್ಕೂ ಕಡಿಮೆ ಕೇಳಿಸುತ್ತದೆ, ಮಾಡಿ ನೋಡಿದೆವು. ಅಂದರೆ ಜಾಸ್ತಿ ಬಂದದ್ದು ಗೋಡೆ ದಾಟಿ ಅಲ್ಲ, ಬಾಗಿಲ ಮೂಲಕ ತಿರುಗಿಕೊಂಡೇ ಅಲ್ವಾ?

ಹಳೇಮೇಷ್ಟ್ರು:
ಮಗುವಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ ತಾಯಿ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ್ದೇನೆ, ಈ ಪ್ರಶ್ನೆ ಕೇಳಿದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು.

ಮೊದಲು ನೀರು ನೋಡೋಣ. ಕೆರೆಯಲ್ಲಿ ಒಂದು ಕೋಲು ನೆಟ್ಟಿದೆ ಅಂತ ಇಟ್ಟುಕೊಳ್ಳಿ. ದೊಡ್ಡ ಅಲೆ ಬಂದರೆ ಕೋಲು ಇಲ್ಲವೇ ಇಲ್ಲ ಅನ್ನುವ ಹಾಗೆ ದಾಟಿ ಹೋಗುತ್ತದೆ. ಕೋಲಿನ ಹಿಂದೆ ನೀರು ಶಾಂತವಾಗಿರುವುದಿಲ್ಲ. ಅದೇ ಜಾಗದಲ್ಲಿ ಮನೆಯಷ್ಟು ದೊಡ್ಡ ಬಂಡೆ ಇದ್ದರೆ ಅದರ ಹಿಂದೆ ನೀರು ಸುಮ್ಮನಿರುತ್ತದೆ. ಅಲೆಗೆ "ನೆರಳು" ಬಿತ್ತು. ಅಡ್ಡ ಬಂದದ್ದು ಅಲೆಗಿಂತ ದೊಡ್ಡದೋ ಚಿಕ್ಕದೋ, ಅದರ ಮೇಲೆ ಎಲ್ಲ ನಿಂತಿದೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿನವರೆಗಿನ ದೂರವನ್ನು ನಮ್ಮ ಪುಸ್ತಕಗಳಲ್ಲಿ ತರಂಗದೂರ ಅನ್ನುತ್ತೇವೆ.

ಈಗ ಲೆಕ್ಕ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಮಾತಿನ ದಪ್ಪ ಸ್ವರ 200 ಹರ್ಟ್ಸ್ ಅಂದರೆ ಸೆಕೆಂಡಿಗೆ 200 ಅಲೆ. ಭಾಗಿಸಿದರೆ ಒಂದು ಅಲೆಯ ಉದ್ದ 1.7 ಮೀಟರ್. ಬಾಗಿಲ ಅಗಲ 80 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಅಲೆಯೇ ಬಾಗಿಲಿಗಿಂತ ದೊಡ್ಡದು! ಹಸಿರು ಬೆಳಕಿನ ತರಂಗದೂರ ಸುಮಾರು 550 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ). ಅದೇ ಬಾಗಿಲ ಅಗಲದಲ್ಲಿ ಅಂಥ ಅಲೆಗಳು ಹದಿನಾಲ್ಕು ಲಕ್ಷಕ್ಕೂ ಜಾಸ್ತಿ ಸಾಲಾಗಿ ನಿಲ್ಲುತ್ತವೆ. ಬೆಳಕಿನ ಮಟ್ಟಿಗೆ ನಿಮ್ಮ ಬಾಗಿಲು ಒಂದು ಮಹಾದ್ವಾರ. ಶಬ್ದಕ್ಕೆ ಅದು ಸಂದಿ.

ಸಂದಿಯಿಂದ ಹೊರಬಂದ ಅಲೆ ಬೀಸಣಿಗೆಯ ಹಾಗೆ ಹರಡುತ್ತದೆ. ಇದಕ್ಕೆ ವಿವರ್ತನೆ ಅನ್ನುವ ಹೆಸರಿದೆ, ಹೆಸರು ಮರೆತರೂ ಪರವಾಗಿಲ್ಲ.

ಸಂದೇಹಿ:
ಮೇಷ್ಟ್ರೇ, ನಂಬರ್ ಒಪ್ಪಿದೆ. ಆದರೆ ಇದರಲ್ಲಿ ಕಾರಣ ಎಲ್ಲಿದೆ? "ಚಿಕ್ಕ ಸಂದಿಯಾದರೆ ಹರಡುತ್ತದೆ" ಅಂದಿರಿ. ಯಾಕೆ ಹರಡಬೇಕು? ಮಗು ಕೇಳಿದ ಹಾಗೆ, ಅದೇ ಪ್ರಶ್ನೆ ಅಲ್ವಾ?

ಹಳೇಮೇಷ್ಟ್ರು:
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಉತ್ತರ ಸ್ವಲ್ಪ ಉಲ್ಟಾ ಇದೆ. ಹರಡುವುದಕ್ಕೆ ಕಾರಣ ಬೇಕಿಲ್ಲ. ನೇರ ಹೋಗುವುದಕ್ಕೆ ಕಾರಣ ಬೇಕು.

ಡಚ್ ವಿಜ್ಞಾನಿ ಹೈಗೆನ್ಸ್ 1690ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಚಂದದ ಯೋಚನೆ ಇದೆ. ಅಲೆ ಮುಟ್ಟಿದ ಪ್ರತಿ ಜಾಗವೂ ತಾನೇ ಒಂದು ಹೊಸ ಪುಟ್ಟ ಅಲೆಯನ್ನು ಹುಟ್ಟಿಸುತ್ತದೆ, ಆ ಪುಟ್ಟ ಅಲೆ ಸುತ್ತಲೂ ಹರಡುತ್ತದೆ. ಹಾಗಾದರೆ ಬಾಗಿಲ ಅಗಲಕ್ಕೂ ಸಾಲಾಗಿ ಜನ ನಿಂತು, ಎಲ್ಲರೂ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದಾರೆ ಅಂದುಕೊಳ್ಳಿ. ನೀವು ದೂರದಲ್ಲಿ, ನೇರ ಎದುರಿಗೆ ನಿಂತರೆ ಎಲ್ಲರ ಚಪ್ಪಾಳೆಯೂ ಒಟ್ಟಿಗೆ ಬಂದು ತಲುಪುತ್ತದೆ. ಪಕ್ಕಕ್ಕೆ ಸರಿದರೆ ಈ ತುದಿಯವನು ಹತ್ತಿರ, ಆ ತುದಿಯವನು ದೂರ. ಒಬ್ಬನದು ಬೇಗ ಬರುತ್ತದೆ, ಇನ್ನೊಬ್ಬನದು ತಡ. ಅಲೆಗಳಲ್ಲಿ ಹೀಗೆ ತಡವಾದರೆ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಂದು ಕೂರುತ್ತದೆ. ಎರಡೂ ಸೇರಿ ಸೊನ್ನೆ.

ಸಾಲು ಉದ್ದ ಇದ್ದಷ್ಟೂ ಪಕ್ಕದಲ್ಲಿ ಒಬ್ಬರದನ್ನೊಬ್ಬರು ಅಳಿಸಿಹಾಕುವುದು ಜಾಸ್ತಿ. ನೇರ ದಿಕ್ಕಿನಲ್ಲಿ ಮಾತ್ರ ಉಳಿಯುತ್ತದೆ. ಸಾಲು ಒಂದು ಅಲೆಗಿಂತ ಚಿಕ್ಕದಾದರೆ ಆ ತುದಿ ಈ ತುದಿ ನಡುವೆ ತಾಳ ತಪ್ಪುವಷ್ಟು ಅಂತರವೇ ಇಲ್ಲ. ಯಾರೂ ಯಾರನ್ನೂ ಅಳಿಸುವುದಿಲ್ಲ, ಎಲ್ಲ ಕಡೆಗೂ ಹರಡುತ್ತದೆ. ಅಷ್ಟೇ ಗುಟ್ಟು. ಬೆಳಕು ನೇರ ಹೋಗುವುದು ಅದರ ಹುಟ್ಟುಗುಣ ಅಲ್ಲ ಸ್ವಾಮಿ. ಪಕ್ಕಕ್ಕೆ ಹೋದದ್ದೆಲ್ಲ ಅಳಿಸಿಹೋಗಿ ಉಳಿದದ್ದು.

ಮಳೆಬಿಲ್ಲು:
ಚಪ್ಪಾಳೆ ಉದಾಹರಣೆ ಅವಳಿಗೆ ಓದಿ ಹೇಳಿದೆ. "ಹಾಗಾದರೆ ಬೆಳಕು ಎಲ್ಲ ಕಡೆಗೂ ಹೊರಟಿತ್ತು, ದಾರಿಯಲ್ಲಿ ಜಗಳ ಆಡಿ ಸತ್ತುಹೋಯ್ತು" ಅಂದಳು. ಹೀಗೆ ಹೇಳಬಹುದಾ ಮೇಷ್ಟ್ರೇ?

ಹಳೇಮೇಷ್ಟ್ರು:
ಪರೀಕ್ಷೆಯಲ್ಲಿ ಬೇಡ. ಮನೆಯಲ್ಲಿ ಧಾರಾಳವಾಗಿ ಹೇಳಬಹುದು. ಒಂದು ಮಾತು ಮಾತ್ರ ಸೇರಿಸಿ: ಶಕ್ತಿ ಸಾಯುವುದಿಲ್ಲ. ಪಕ್ಕದಲ್ಲಿ ಕಡಿಮೆಯಾದಷ್ಟೂ ನೇರ ದಿಕ್ಕಿನಲ್ಲಿ ಜಾಸ್ತಿಯಾಗಿರುತ್ತದೆ.

ಸೌಂಡ್‌ಬಾಕ್ಸ್:
ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಒಂದು ತಕರಾರು. ನಾನು ರೆಕಾರ್ಡಿಂಗ್ ಕೆಲಸ ಮಾಡುವವನು. ಮನೆಯೊಳಗೆ ಪಕ್ಕದ ಕೋಣೆಯ ನಗು ಕೇಳಿಸುವುದಕ್ಕೆ ವಿವರ್ತನೆ ಅರ್ಧ ಕಾರಣ ಮಾತ್ರ. ಇನ್ನರ್ಧ, ಎಷ್ಟೋ ಸಲ ಅರ್ಧಕ್ಕಿಂತ ಜಾಸ್ತಿ, ಗೋಡೆಗೆ ಬಡಿದು ವಾಪಸ್ ಬರುವ ಶಬ್ದ. ಗೋಡೆ, ನೆಲ, ಚಾವಣಿ ಎಲ್ಲದಕ್ಕೂ ಬಡಿದು ಬಡಿದು ಬಾಗಿಲಿಂದ ಹೊರಗೆ ಬರುತ್ತದೆ. ಅದೇ ಕೋಣೆಗೆ ದಪ್ಪ ಹಾಸಿಗೆ, ಕಂಬಳಿ, ಬಟ್ಟೆ ತುಂಬಿಸಿ ನೋಡಿ. ಹೊರಗೆ ಕೇಳಿಸುವುದು ಎಷ್ಟು ಕಡಿಮೆಯಾಗುತ್ತದೆ ಅಂತ ಗೊತ್ತಾಗುತ್ತದೆ. ಬಾಗಿಲ ಅಳತೆ ಏನೂ ಬದಲಾಗಿರುವುದಿಲ್ಲ.

ಸಂದೇಹಿ:
ಹಾಗಿದ್ದರೆ ಬೆಳಕೂ ಗೋಡೆಗೆ ಬಡಿದು ವಾಪಸ್ ಬರಬೇಕಲ್ಲ ಗುರು? ಮತ್ತೆ ಮುಖ ಯಾಕೆ ಕಾಣಲ್ಲ?

ಸೌಂಡ್‌ಬಾಕ್ಸ್:
ಬರುತ್ತದೆ! ಪಕ್ಕದ ಕೋಣೆಯಲ್ಲಿ ದೀಪ ಹಾಕಿದರೆ ನೀವಿರುವ ಕಡೆಗೂ ಬೆಳಕು ಬೀಳುವುದಿಲ್ವಾ? ಬಲ್ಬ್ ಕಾಣುವುದಿಲ್ಲ, ಆದರೆ ಬೆಳಕು ಬಂದಿದೆ. ಆ ಮಗುವಿನ ಮುಖಕ್ಕೆ ತಗುಲಿದ ಬೆಳಕೂ ಎದುರು ಗೋಡೆಗೆ ಬಡಿದು ನಿಮ್ಮ ಕಣ್ಣಿಗೆ ಬಂದೇ ಇರುತ್ತದೆ. ಚಿತ್ರ ಮಾತ್ರ ಚೂರುಚೂರಾಗಿರುತ್ತದೆ.

ಯಾಕೆಂದರೆ ಸುಣ್ಣದ ಗೋಡೆಯ ತರಿಗಳು ಬೆಳಕಿನ ಅಲೆಗಿಂತ ನೂರಾರು ಪಟ್ಟು ದೊಡ್ಡವು. ಬೆಳಕಿಗೆ ಅದು ಕಲ್ಲುಗುಡ್ಡ. ಒಂದೊಂದು ಕಿರಣ ಒಂದೊಂದು ದಿಕ್ಕಿಗೆ ಚೆದುರುತ್ತದೆ. ಅದೇ ಗೋಡೆ ಒಂದೂವರೆ ಮೀಟರ್ ಉದ್ದದ ಶಬ್ದದ ಅಲೆಗೆ ನುಣುಪಾದ ಕನ್ನಡಿ. ಗೋಡೆಯ ಜಾಗದಲ್ಲಿ ಕನ್ನಡಿ ಇಟ್ಟರೆ ಮುಖವೂ ಕಾಣುತ್ತದೆ. ಗಾಜಿನ ತರಿಗಳು ಬೆಳಕಿನ ಅಲೆಗಿಂತ ಚಿಕ್ಕವು, ಅದಕ್ಕೇ.

ಹಳೇಮೇಷ್ಟ್ರು:
ತಕರಾರು ಒಪ್ಪಿದೆ. ನಾನು ಬಾಗಿಲನ್ನು ಮಾತ್ರ ನೋಡಿದೆ, ಕೋಣೆಯನ್ನು ಮರೆತೆ. ಆದರೆ ಗಮನಿಸಿ, ನಿಮ್ಮ ಗೋಡೆಯ ಕಥೆಯೂ ತರಂಗದೂರದ ಮೇಲೇ ನಿಂತಿದೆ!

ರಾತ್ರಿಗೂಬೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ರಾತ್ರಿ ಹೊತ್ತು ದೂರದ ರೈಲಿನ ಸದ್ದು ಚೆನ್ನಾಗಿ ಕೇಳಿಸುತ್ತದಲ್ಲ, ಅದೂ ಈ ವಿವರ್ತನೆಯೇನಾ? ಶಬ್ದ ಬಾಗುತ್ತದೆ ಅಂತ ಎಲ್ಲೋ ಕೇಳಿದ ನೆನಪು.

ಹಳೇಮೇಷ್ಟ್ರು:
ಬಾಗುವುದು ನಿಜ, ಆದರೆ ಇದು ಬೇರೆ ಬಾಗು. ಅದನ್ನು ವಕ್ರೀಭವನ ಅನ್ನುತ್ತೇವೆ. ಬೆಚ್ಚಗಿನ ಗಾಳಿಯಲ್ಲಿ ಶಬ್ದ ಸ್ವಲ್ಪ ಜೋರಾಗಿ ಓಡುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್ ಲೆಕ್ಕ. ಹಗಲಲ್ಲಿ ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಅಲೆಯ ಕೆಳತುದಿ ಮುಂದೆ ಓಡಿ ಇಡೀ ಅಲೆ ಆಕಾಶದ ಕಡೆ ತಿರುಗುತ್ತದೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ನೆಲ ಬೇಗ ಆರಿ ಕೆಳಗಿನ ಗಾಳಿ ತಂಪಾಗುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ಆಗ ಮೇಲೆ ಹೊರಟ ಶಬ್ದ ಬಾಗಿ ನೆಲಕ್ಕೇ ಇಳಿಯುತ್ತದೆ. ಜೊತೆಗೆ ರಾತ್ರಿ ಬೇರೆ ಗದ್ದಲ ಕಡಿಮೆ, ಅದನ್ನೂ ಮರೆಯಬೇಡಿ.

ರಾತ್ರಿಗೂಬೆ:
ಆಕಾಶ ನೀಲಿ ಯಾಕೆ ಅನ್ನುವುದನ್ನೂ ಇಲ್ಲೇ ಹೇಳಿಬಿಡಿ ಹಾಗಾದರೆ.

ಸೌಂಡ್‌ಬಾಕ್ಸ್:
ಅದಕ್ಕೆ ಬೇರೆ ಚರ್ಚೆ ತೆಗೆಯಿರಿ ಮಾರಾಯ್ರೆ! ಇದೇ ಅರ್ಧ ದಾರಿಯಲ್ಲಿದೆ. ಒಂದೇ ಸಾಲಿನಲ್ಲಿ ಹೇಳುತ್ತೇನೆ: ಗಾಳಿಯ ಅಣುಗಳು ಬೆಳಕಿನ ಅಲೆಗಿಂತ ತುಂಬಾ ಚಿಕ್ಕವು. ಅಷ್ಟು ಚಿಕ್ಕ ವಸ್ತು ಚಿಕ್ಕ ಅಲೆಯನ್ನೇ ಜಾಸ್ತಿ ಚದುರಿಸುತ್ತದೆ. 450 ನ್ಯಾನೋಮೀಟರ್ ನೀಲಿ, 700ರ ಕೆಂಪಿಗಿಂತ ಸುಮಾರು ಆರು ಪಟ್ಟು ಜಾಸ್ತಿ ಚದುರುತ್ತದೆ. ನೋಡಿ, ಇಲ್ಲೂ ಅದೇ ಹೋಲಿಕೆ.

ಸಂದೇಹಿ:
ವಾಪಸ್ ವಿಷಯಕ್ಕೆ ಬರೋಣ. ನನಗೆ ಇನ್ನೂ ಒಂದು ಕಡೆ ಚುಚ್ಚುತ್ತಿದೆ. ಬೆಳಕೂ ಅಲೆಯೇ ಆಗಿದ್ದರೆ, ಎಷ್ಟೇ ಚಿಕ್ಕ ಅಲೆಯಾದರೂ, ನೆರಳಿನ ಅಂಚಿನಲ್ಲಿ ಸ್ವಲ್ಪವಾದರೂ ಒಳಗೆ ಬಾಗಬೇಕು. ಒಂದು ದುಂಡನೆಯ ಬಿಲ್ಲೆ ತಗೊಳ್ಳಿ. ಅದರ ಅಂಚಿನ ಸುತ್ತಲಿಂದಲೂ ಬೆಳಕು ಒಳಗೆ ಬಾಗಿದರೆ ನೆರಳಿನ ಸರಿಯಾದ ನಡುಮಧ್ಯಕ್ಕೆ ಎಲ್ಲ ಕಡೆಯಿಂದಲೂ ಒಂದೇ ದೂರ. ಅಂದರೆ ಎಲ್ಲವೂ ಒಂದೇ ತಾಳದಲ್ಲಿ ಬಂದು ಸೇರಬೇಕು. ನೆರಳಿನ ನಡುವೆ ಬೆಳಕಿನ ಚುಕ್ಕೆ ಕಾಣಬೇಕಲ್ಲ? ನಾನಂತೂ ಯಾವತ್ತೂ ನೋಡಿಲ್ಲ.

ಹಳೇಮೇಷ್ಟ್ರು:
ಸಂದೇಹಿಗಳೇ, ನೀವು ಕೂತಲ್ಲೇ ಇನ್ನೂರು ವರ್ಷ ಹಿಂದಿನ ವಾದವನ್ನು ಮತ್ತೆ ಕಟ್ಟಿದ್ದೀರಿ. ಇದು ನಿಜವಾಗಿ ನಡೆದ ಕಥೆ.

ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಬೆಳಕಿನ ಬಾಗುವಿಕೆ ಬಗ್ಗೆ ಒಂದು ಸ್ಪರ್ಧೆ ಇಟ್ಟಿತ್ತು. ಫ್ರೆನೆಲ್ ಎಂಬ ಯುವ ಎಂಜಿನಿಯರ್ 1818ರಲ್ಲಿ ತನ್ನ ಅಲೆಯ ಲೆಕ್ಕವನ್ನು ಕಳಿಸಿದ. ತೀರ್ಪುಗಾರರಲ್ಲಿ ಪ್ವಾಸೊನ್ ಇದ್ದರು, ದೊಡ್ಡ ಗಣಿತಜ್ಞ. ಬೆಳಕು ಕಣಗಳ ಮಳೆ ಅಂತ ನಂಬಿದವರು. ಫ್ರೆನೆಲ್‌ನ ಲೆಕ್ಕವನ್ನೇ ಹಿಡಿದು, ನೀವು ಹೇಳಿದ ಹಾಗೇ, ದುಂಡು ಬಿಲ್ಲೆಯ ನೆರಳಿನ ನಡುವೆ ಬೆಳಕಿನ ಚುಕ್ಕೆ ಬರಬೇಕು ಅಂತ ತೋರಿಸಿದರು. ಹೊಗಳುವುದಕ್ಕಲ್ಲ, ಇದು ಎಂಥ ಹುಚ್ಚು ಸಿದ್ಧಾಂತ ನೋಡಿ ಅನ್ನುವುದಕ್ಕೆ.

ಅದೇ ಸಮಿತಿಯಲ್ಲಿದ್ದ ಅರಾಗೊ ಸುಮ್ಮನೆ ಕೂರಲಿಲ್ಲ. 2 ಮಿಲಿಮೀಟರ್ ಅಗಲದ ಬಿಲ್ಲೆಯೊಂದನ್ನು ಗಾಜಿಗೆ ಅಂಟಿಸಿ ನೋಡಿದರು. ಚುಕ್ಕೆ ಇತ್ತು! ಬಹುಮಾನ 1819ರಲ್ಲಿ ಫ್ರೆನೆಲ್‌ಗೆ ಹೋಯಿತು. ತಮಾಷೆ ಏನೆಂದರೆ, ಇವತ್ತಿಗೂ ಆ ಚುಕ್ಕೆಯನ್ನು ಎಷ್ಟೋ ಜನ ಪ್ವಾಸೊನ್ ಚುಕ್ಕೆ ಅಂತಲೇ ಕರೆಯುತ್ತಾರೆ. ಅದು ಇಲ್ಲ ಅಂತ ಹೇಳಿದವರ ಹೆಸರೇ ಅದಕ್ಕೆ!

ಸಂದೇಹಿ:
ಪ್ವಾಸೊನ್ ಜೊತೆಗಾದರೂ ಸೋತೆ, ಸಮಾಧಾನ. ಆದರೆ ಮನೆಯಲ್ಲಿ ನಾಣ್ಯದ ನೆರಳಿನಲ್ಲಿ ಯಾಕೆ ಕಾಣುವುದಿಲ್ಲ?

ಹಳೇಮೇಷ್ಟ್ರು:
ಬಲ್ಬು, ಸೂರ್ಯ ಎಲ್ಲ ಅಗಲವಾದ ದೀಪಗಳು. ದೀಪದ ಒಂದೊಂದು ಬಿಂದುವೂ ತನ್ನ ಚುಕ್ಕೆಯನ್ನು ಬೇರೆ ಬೇರೆ ಜಾಗದಲ್ಲಿ ಹಾಕುತ್ತದೆ, ಎಲ್ಲ ಕಲಸಿಹೋಗುತ್ತದೆ. ದೀಪ ಒಂದು ಸೂಜಿಮೊನೆಯಷ್ಟಿರಬೇಕು, ಬಿಲ್ಲೆಯ ಅಂಚು ನುಣುಪಾಗಿರಬೇಕು. ಲೇಸರ್ ಇದ್ದರೆ ಸುಲಭ.

ಕೂದಲೆಳೆ:
ಲೇಸರ್ ಅಂದಿದ್ದಕ್ಕೆ ಓಡಿ ಬಂದೆ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಚುಕ್ಕೆಗಿಂತ ಸುಲಭದ್ದು ಒಂದಿದೆ: ನಿಮ್ಮ ತಲೆಕೂದಲು. ನಿನ್ನೆ ರಾತ್ರಿ ಮಾಡಿದೆ.

ಪಾಠ ಮಾಡುವಾಗ ತೋರಿಸಲು ಬಳಸುವ ಕೆಂಪು ಲೇಸರ್ ಪಾಯಿಂಟರ್. ಮೇಲಿನ ಚೀಟಿಯಲ್ಲಿ 650 ನ್ಯಾನೋಮೀಟರ್ ಅಂತ ಬರೆದಿದೆ. ಪುಸ್ತಕಗಳ ನಡುವೆ ಅದನ್ನು ಅಲುಗಾಡದ ಹಾಗೆ ಸಿಕ್ಕಿಸಿದೆ, ಗುಂಡಿಗೆ ಬಟ್ಟೆ ಕ್ಲಿಪ್ ಹಾಕಿದೆ. ಒಂದು ಕೂದಲನ್ನು ರಟ್ಟಿನ ಚೌಕಟ್ಟಿಗೆ ನೆಟ್ಟಗೆ ಎಳೆದು ಅಂಟಿಸಿ ಬೆಳಕಿಗೆ ಅಡ್ಡ ಇಟ್ಟೆ. ಗೋಡೆ ಸರಿಯಾಗಿ 2 ಮೀಟರ್ ದೂರ. ದೀಪ ಆರಿಸಿದೆ.

ಗೋಡೆಯ ಮೇಲೆ ಕೂದಲಿನ ನೆರಳು ಕಾಣುತ್ತದೆ ಅಂತ ಕಾದೆ. ನೆರಳೇ ಇಲ್ಲ! ನಡುವೆ ಹೊಳೆಯುವ ಕೆಂಪು ಚುಕ್ಕೆ, ಅದರ ಎಡಕ್ಕೂ ಬಲಕ್ಕೂ ಉದ್ದಕ್ಕೆ ಕೆಂಪು ತುಂಡುಗಳ ಸಾಲು. ತುಂಡು, ಕತ್ತಲು, ತುಂಡು, ಕತ್ತಲು. ದೂರ ಹೋದಷ್ಟೂ ಮಸುಕು. ಕೂದಲು ನಿಂತಿದ್ದದ್ದು ಲಂಬವಾಗಿ, ಸಾಲು ಹಬ್ಬಿದ್ದು ಅಡ್ಡಡ್ಡ. ಕೂದಲನ್ನು ಓರೆ ಮಾಡಿದರೆ ಸಾಲೂ ಓರೆಯಾಗುತ್ತದೆ. ಹತ್ತು ನಿಮಿಷ ಅದನ್ನೇ ತಿರುಗಿಸುತ್ತಾ ಕೂತಿದ್ದೆ.

ಈಗ ನನ್ನ ಎಡವಟ್ಟು. ಕೂದಲಿನ ದಪ್ಪ ಸಿಗಬೇಕಾದರೆ ತರಂಗದೂರವನ್ನು ಗೋಡೆಯ ದೂರದಿಂದ ಗುಣಿಸಿ, ಎರಡು ಕಪ್ಪು ಗೆರೆಗಳ ನಡುವಿನ ಅಂತರದಿಂದ ಭಾಗಿಸಬೇಕು. ನಡುವಿನ ಚುಕ್ಕೆಯ ಎಡದ ಕಪ್ಪು ಗೆರೆಯಿಂದ ಬಲದ ಕಪ್ಪು ಗೆರೆಗೆ ಅಳೆದೆ. 3.6 ಸೆಂಟಿಮೀಟರ್ ಬಂತು. ಭಾಗಿಸಿದರೆ ದಪ್ಪ 36 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ನನ್ನ ಕೂದಲು ಅಷ್ಟು ತೆಳ್ಳಗಿಲ್ಲ ಅನ್ನುವುದು ಬಾಚಣಿಗೆಗೇ ಗೊತ್ತು. ಎಲ್ಲಿ ತಪ್ಪಿದೆ ಹೇಳಿ ನೋಡೋಣ?

ಹಳೇಮೇಷ್ಟ್ರು:
ನಡುವಿನ ಚುಕ್ಕೆ ಮಿಕ್ಕವುಗಳ ಎರಡರಷ್ಟು ಅಗಲ ಇರುತ್ತದೆ. ಅದನ್ನು ಒಂದು ಅಂತರ ಅಂತ ಎಣಿಸಿದ್ದೀರಿ.

ಕೂದಲೆಳೆ:
ಅದೇ! ಆಮೇಲೆ ಒಂದೇ ಪಕ್ಕದಲ್ಲಿ ಐದು ಕಪ್ಪು ಗೆರೆ ಗುರುತು ಮಾಡಿಕೊಂಡೆ. ಅವುಗಳ ನಡುವಿನ ನಾಲ್ಕು ಅಂತರ ಸೇರಿ 7.2 ಸೆಂಟಿಮೀಟರ್. ಒಂದಕ್ಕೆ 1.8. ಈಗ ಲೆಕ್ಕ ಹಾಕಿದರೆ ಸುಮಾರು 72 ಮೈಕ್ರೋಮೀಟರ್. ಸಾಮಾನ್ಯ ಸ್ಕೇಲು, ಬೆಳಕು, ಒಂದು ಗೋಡೆ. ಮಿಲಿಮೀಟರಿನ ಹದಿನಾಲ್ಕನೇ ಒಂದು ಭಾಗವನ್ನು ಅಳೆದುಬಿಟ್ಟೆ.

ಮಾಡುವವರು ಒಂದು ನೆನಪಿಡಿ. ಲೇಸರನ್ನು ಯಾರ ಕಣ್ಣಿಗೂ ಬಿಡಬಾರದು, ಕನ್ನಡಿ ಸ್ಟೀಲು ಪಾತ್ರೆ ಎದುರಿಗಿರಬಾರದು. ಮಕ್ಕಳ ಕೈಗೆ ಕೊಡಲೇಬೇಡಿ, ನೀವೇ ಹಿಡಿಯಿರಿ.

ಮಳೆಬಿಲ್ಲು:
ಲೇಸರ್ ನಮ್ಮಲ್ಲಿ ಇಲ್ಲ. ಬೇರೆ ಏನಾದರೂ?

ಕೂದಲೆಳೆ:
ಹಳೇ ಸಿ.ಡಿ. ಇದೆಯಾ? ಅದರ ಹೊಳೆಯುವ ಬದಿಯನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಆ ಬಣ್ಣಗಳು ಬಳಿದ ಬಣ್ಣವಲ್ಲ. ಅದರ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಬೆಳಕಿನ ಅಲೆಯ ಎರಡು ಮೂರು ಪಟ್ಟು ಮಾತ್ರ. ಯಾವ ದಿಕ್ಕಿನಲ್ಲಿ ಯಾವ ಅಲೆ ತಾಳ ಕೂಡಿಬರುತ್ತದೋ ಅಲ್ಲಿ ಆ ಬಣ್ಣ ಉಳಿಯುತ್ತದೆ, ಮಿಕ್ಕದ್ದು ಅಳಿಸಿಹೋಗುತ್ತದೆ. ಮೇಷ್ಟ್ರ ಚಪ್ಪಾಳೆ ಸಾಲು ನೆನಪಿಸಿಕೊಳ್ಳಿ.

ಸೌಂಡ್‌ಬಾಕ್ಸ್:
ಕೂದಲೆಳೆಯವರ ಉತ್ಸಾಹ ನೋಡಿ ನಾನೂ ಸುಮ್ಮನಿರಲಾಗಲಿಲ್ಲ. ಗೋಡೆಯ ಪ್ರತಿಫಲನದ ಗಲಾಟೆ ಬೇಡ ಅಂತ ಬಯಲಿಗೆ ಹೋದೆ. ಅಲ್ಲಿ ಒಂಟಿ ಗೋಡೆ ಇದೆ, ಎರಡಾಳೆತ್ತರ. ಅದರ ಒಂದು ಬದಿಯಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು 250 ಹರ್ಟ್ಸ್ ಸ್ವರ ಹಾಕಿದೆ. ಗೋಡೆಯ ತುದಿ ದಾಟಿ ಮರೆಗೆ ನಡೆದೆ. ಸ್ಪೀಕರ್ ಕಾಣದಾಯಿತು, ಸದ್ದು ಹಾಗೇ ಇದೆ. ಕಣ್ಣು ಮುಚ್ಚಿದ್ದರೆ ಗೋಡೆ ಯಾವಾಗ ಅಡ್ಡ ಬಂತು ಅಂತಲೇ ಹೇಳಲಾಗುತ್ತಿರಲಿಲ್ಲ. ಆಮೇಲೆ 8000 ಹರ್ಟ್ಸ್, ಕೀ... ಅನ್ನುವ ಸ್ವರ. ಗೋಡೆಯ ತುದಿ ದಾಟಿ ನಾಲ್ಕು ಹೆಜ್ಜೆ, ಸ್ವರ ಥಟ್ಟನೆ ಬಿದ್ದುಹೋಯಿತು. ಶಬ್ದಕ್ಕೂ ನೆರಳು ಬೀಳುವುದನ್ನು ಕಿವಿಯಾರೆ ನೋಡಿದೆ. ಮೊದಲನೆಯದರ ಅಲೆ 1.4 ಮೀಟರ್, ಎರಡನೆಯದು 4.3 ಸೆಂಟಿಮೀಟರ್.

ಸಂದೇಹಿ:
ಒಂದು ನಿಮಿಷ. ಸ್ಪೀಕರ್ ಯಾವ ಕಡೆ ಮುಖ ಮಾಡಿತ್ತು? ಕೀರಲು ಸ್ವರವನ್ನು ಸ್ಪೀಕರ್ ಎದುರಿಗೆ ಮಾತ್ರ ಜಾಸ್ತಿ ಎಸೆಯುತ್ತದೆ ಅಂತ ನೀವೇ ಹಿಂದೊಮ್ಮೆ ಬರೆದಿದ್ದಿರಿ. ನೀವು ಪಕ್ಕಕ್ಕೆ ಸರಿದದ್ದರಿಂದಲೇ ಕಡಿಮೆಯಾಗಿರಬಹುದು. ಗೋಡೆಯದ್ದೇನೂ ತಪ್ಪಿಲ್ಲದಿರಬಹುದು.

ಸೌಂಡ್‌ಬಾಕ್ಸ್:
ಒಳ್ಳೇ ಹಿಡಿದಿರಿ, ನನಗೆ ಹೊಳೆಯಬೇಕಿತ್ತು. ಇವತ್ತು ಮತ್ತೆ ಹೋಗಿ ಬಂದೆ. ಸ್ಪೀಕರಿನ ಮುಖವನ್ನು ನೇರ ಗೋಡೆಯ ತುದಿಗೇ ತಿರುಗಿಸಿ ಇಟ್ಟೆ. ಮರೆಗೆ ಹೋಗುವ ಮುನ್ನ ಕೀರಲು ಸ್ವರ ಕಿವಿ ಚುಚ್ಚುತ್ತಿತ್ತು. ಮರೆಗೆ ಹೋದ ಮೇಲೆ ಮತ್ತೆ ಬಿದ್ದುಹೋಯಿತು, ಮೊದಲಿನಷ್ಟು ಥಟ್ಟನೆ ಅಲ್ಲ. ಅಂದರೆ ನಿನ್ನೆಯದರಲ್ಲಿ ಒಂದಿಷ್ಟು ಸ್ಪೀಕರಿನದ್ದೂ ಸೇರಿತ್ತು, ನೀವು ಹೇಳಿದ್ದು ಸರಿ.

ಮತ್ತೆ ಸ್ಪೀಕರ್ ಯಾಕೆ ಕೀರಲು ಸ್ವರವನ್ನು ಎದುರಿಗೇ ಎಸೆಯುತ್ತದೆ ಗೊತ್ತಾ? ಅದರ ಬಾಯಿ 5 ಸೆಂಟಿಮೀಟರ್. 8000 ಹರ್ಟ್ಸ್ ಅಲೆ ಅದಕ್ಕಿಂತ ಚಿಕ್ಕದು, ಅದಕ್ಕೆ ಅದು ದೊಡ್ಡ ಬಾಗಿಲು. 250 ಹರ್ಟ್ಸ್‌ಗೆ ಅದು ಸೂಜಿರಂಧ್ರ, ಎಲ್ಲ ಕಡೆ ಹರಡುತ್ತದೆ. ನೀವು ಹಿಡಿದ ತಪ್ಪಿಗೂ ಕಾರಣ ಅದೇ!

ಹೆದ್ದಾರಿ ಪಕ್ಕದ ಶಬ್ದ ತಡೆಯುವ ಗೋಡೆಗಳೂ ಇದೇ ರೀತಿ. ಟೈರಿನ ಸುಯ್ ಅನ್ನುವ ಸದ್ದು ನಿಲ್ಲುತ್ತದೆ, ಲಾರಿಯ ಗುಡುಗು ಗೋಡೆ ಹತ್ತಿಳಿದು ಬರುತ್ತದೆ.

ರಾತ್ರಿಗೂಬೆ:
ನಮ್ಮ ತಲೆಯೂ ಒಂದು ಗೋಡೆ ಅಲ್ವಾ? ಬಲಗಡೆಯ ಶಬ್ದ ಎಡಗಿವಿಗೆ ಹೋಗಬೇಕಾದರೆ ತಲೆ ಸುತ್ತಬೇಕು.

ಸೌಂಡ್‌ಬಾಕ್ಸ್:
ಹೌದು ಹೌದು. ತಲೆಯ ಅಗಲ ಸುಮಾರು 17 ಸೆಂಟಿಮೀಟರ್, ಅಂದರೆ 2000 ಹರ್ಟ್ಸ್ ಅಲೆಯಷ್ಟು. ಅದಕ್ಕಿಂತ ಕೀರಲು ಶಬ್ದಕ್ಕೆ ತಲೆಯ ನೆರಳು ಬೀಳುತ್ತದೆ. ದೂರದ ಕಿವಿಗೆ ಕಡಿಮೆ ಕೇಳಿಸುತ್ತದೆ, ಮಿದುಳು ಅದರಿಂದ ದಿಕ್ಕು ಹಿಡಿಯುತ್ತದೆ. ದಪ್ಪ ಶಬ್ದ ತಲೆಯನ್ನು ಲೆಕ್ಕಕ್ಕೇ ಇಡುವುದಿಲ್ಲ, ಎರಡೂ ಕಿವಿಗೆ ಒಂದೇ ಜೋರು. ಅಲ್ಲಿ ಮಿದುಳು ಬೇರೆ ಉಪಾಯ ಮಾಡುತ್ತದೆ, ಯಾವ ಕಿವಿಗೆ ಮೊದಲು ಬಂತು ಅಂತ ನೋಡುತ್ತದೆ. ಆ ವ್ಯತ್ಯಾಸ ಎಷ್ಟು ಜಾಸ್ತಿ ಅಂದರೂ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಈ ಎರಡು ದಾರಿಗಳ ವಿಷಯವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲೇ ಬರೆದಿದ್ದರು.

ಕೂದಲೆಳೆ:
ಇನ್ನೊಂದು ನೆನಪಾಯಿತು. ಮೈಕ್ರೋವೇವ್ ಒಲೆಯ ಬಾಗಿಲ ಗಾಜಿನಲ್ಲಿ ತೂತು ತೂತಿನ ಲೋಹದ ಜಾಲರಿ ಇರುತ್ತದಲ್ಲ. ಒಳಗಿನ ಅಲೆ 12 ಸೆಂಟಿಮೀಟರ್, ತೂತು ಒಂದೆರಡು ಮಿಲಿಮೀಟರ್. ಅದು ಹೊರಗೆ ಬರುವುದಿಲ್ಲ. ಬೆಳಕಿಗೆ ಅದೇ ತೂತು ಹೆಬ್ಬಾಗಿಲು, ಹಾಗಾಗಿ ಒಳಗಿರುವುದು ಕಾಣುತ್ತದೆ.

ಸಂದೇಹಿ:
ತಡೀರಿ. ಚಿಕ್ಕ ತೂತಿನಿಂದ ಅಲೆ ಚೆನ್ನಾಗಿ ಹರಡುತ್ತದೆ ಅಂದಿರಿ. ಈಗ ಹೊರಗೇ ಬರುವುದಿಲ್ಲ ಅನ್ನುತ್ತೀರಿ!

ಹಳೇಮೇಷ್ಟ್ರು:
ಎರಡೂ ನಿಜ. ಬಂದದ್ದು ಎಲ್ಲ ಕಡೆ ಹರಡುತ್ತದೆ. ಆದರೆ ಎಷ್ಟು ಬರುತ್ತದೆ ಅನ್ನುವುದು ಬೇರೆ ಮಾತು. ತೂತು ಅಲೆಗಿಂತ ತುಂಬಾ ಚಿಕ್ಕದಾದರೆ, ಮೈಕ್ರೋವೇವ್ ಥರದ ಅಲೆಗೆ ಲೋಹದ ಜಾಲರಿ ಹೆಚ್ಚು ಕಡಿಮೆ ತೂತಿಲ್ಲದ ತಗಡಿನ ಹಾಗೆಯೇ ಕಾಣುತ್ತದೆ. ಬಹುಪಾಲು ಒಳಕ್ಕೇ ಪ್ರತಿಫಲಿಸುತ್ತದೆ. ಹರಡಲಿಕ್ಕೆ ಉಳಿಯುವುದು ತೀರಾ ಅಲ್ಪ.

ಮಳೆಬಿಲ್ಲು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಮನೆಯಲ್ಲಿ ನಾವೂ ಒಂದು ಪ್ರಯೋಗ ಮಾಡಿದೆವು. ಯಾವ ಉಪಕರಣವೂ ಇಲ್ಲ. ಅವಳು ಬಾಗಿಲ ಮರೆಯಲ್ಲಿ ನಿಂತು ಮೊದಲು "ಊ..." ಅಂದಳು, ಆಮೇಲೆ "ಸ್ಸ್ಸ್..." ಅಂದಳು. ಊ ಪೂರ್ತಿ ಬಂತು. ಸ್ಸ್ಸ್ ಬಂತು, ಆದರೆ ತೆಳ್ಳಗೆ, ಎದುರು ಗೋಡೆಯಿಂದ ಬಂದ ಹಾಗೆ. ಆ ಗೋಡೆಗೆ ಒಂದು ದಪ್ಪ ರಜಾಯಿ ನೇತುಹಾಕಿದೆವು. ಊ ಅಷ್ಟೇನೂ ಬದಲಾಗಲಿಲ್ಲ, ಸ್ಸ್ಸ್ ಇನ್ನಷ್ಟು ಅಡಗಿತು. ಸೌಂಡ್‌ಬಾಕ್ಸ್ ಅವರ ತಕರಾರು ಮನೆಯಲ್ಲೇ ಕೇಳಿಸಿತು.

ಈಗ ಮಗಳ ಹೊಸ ಪ್ರಶ್ನೆ. ಬೆಳಕಿನ ಅಲೆ ಒಂದು ಮೀಟರ್ ಉದ್ದ ಇದ್ದಿದ್ದರೆ ಬಾಗಿಲ ಮರೆಯಲ್ಲಿರುವವರ ಮುಖ ಕಾಣುತ್ತಿತ್ತಾ?

ಹಳೇಮೇಷ್ಟ್ರು:
ಬೆಳಕು ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಕೆರೆಯ ಕೋಲನ್ನು ನೆನಪಿಸಿಕೊಳ್ಳಿ. ಅಲೆ ಕೋಲನ್ನು ಗಮನಿಸದೆ ದಾಟಿಹೋಯಿತು. ಒಂದು ಮೀಟರ್ ಅಲೆ ಮೂಗು, ಕಿವಿ, ಕಣ್ಣು ಯಾವುದನ್ನೂ ಗಮನಿಸುವುದಿಲ್ಲ, ಎಲ್ಲ ಅದಕ್ಕಿಂತ ಚಿಕ್ಕವು. ಯಾವುದೋ ಒಂದು ಮಸುಕು ಅಲ್ಲಿದೆ ಅಂತ ಗೊತ್ತಾದೀತು, ಅಷ್ಟೇ. ಅಂಥ ಅಲೆಗಳು ಇವೆ, ಅವೇ ರೇಡಿಯೋ ಅಲೆಗಳು. ಅವುಗಳಿಂದ ಚಿತ್ರ ತೆಗೆಯಬೇಕಾದರೆ ಕಣ್ಣು ಭಾರೀ ದೊಡ್ಡದಿರಬೇಕು. 2019ರ ಏಪ್ರಿಲ್‌ನಲ್ಲಿ ಪ್ರಕಟವಾದ ಕಪ್ಪುಕುಳಿಯ ಚಿತ್ರ ನೆನಪಿದೆಯಾ? ಅದು ಕೇವಲ 1.3 ಮಿಲಿಮೀಟರ್ ಅಲೆಯಲ್ಲಿ ತೆಗೆದದ್ದು. ಅಷ್ಟಕ್ಕೇ ಭೂಮಿಯ ಬೇರೆ ಬೇರೆ ಮೂಲೆಯ ದೂರದರ್ಶಕಗಳನ್ನು ಜೋಡಿಸಿ ಭೂಮಿಯಷ್ಟೇ ಅಗಲದ ಕಣ್ಣು ಮಾಡಬೇಕಾಯಿತು.

ಸೌಂಡ್‌ಬಾಕ್ಸ್:
ಶಬ್ದದಿಂದ ನೋಡುವವರೂ ಇದೇ ಕಾರಣಕ್ಕೆ ಚಿಕ್ಕ ಅಲೆಯನ್ನೇ ಹುಡುಕಬೇಕು. ಆಸ್ಪತ್ರೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ 3.5 ಮೆಗಾಹರ್ಟ್ಸ್ ಬಳಸಿದರೆ ದೇಹದೊಳಗೆ ಅಲೆಯ ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಬಾವಲಿ 50 ಕಿಲೋಹರ್ಟ್ಸ್‌ನಲ್ಲಿ ಕೂಗಿದರೆ ಅಲೆ 7 ಮಿಲಿಮೀಟರ್. ದಪ್ಪ ದನಿಯಲ್ಲಿ ಕೂಗಿದ್ದರೆ ಹಾರುವ ಹುಳು ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ.

ಮಳೆಬಿಲ್ಲು:
ಪಕ್ಕದಲ್ಲೇ ನಿಂತು ಓದುತ್ತಿದ್ದಾಳೆ. "ಹಾಗಾದರೆ ಬಾವಲಿ ಜೊತೆ ಕಣ್ಣಾಮುಚ್ಚಾಲೆ ಆಡಿದರೆ ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳಬಹುದಾ" ಅಂತ ಕೇಳುತ್ತಿದ್ದಾಳೆ.

ಸೌಂಡ್‌ಬಾಕ್ಸ್:
ಧಾರಾಳವಾಗಿ. ಬಾಗಿಲು ಅದರ ಅಲೆಗಿಂತ ನೂರು ಪಟ್ಟು ಅಗಲ, ಒಳ್ಳೇ ಗಟ್ಟಿ ನೆರಳು ಬೀಳುತ್ತದೆ. ಬೆರಳು ಮಾತ್ರ ಹೊರಗೆ ಚಾಚಬೇಡ ಅಂತ ಹೇಳಿ ಮೇಡಂ. ಏಳು ಮಿಲಿಮೀಟರ್ ಅಲೆಗೆ ಒಂದು ಬೆರಳೇ ಸಾಕು.